ಒಂದೇ ಹೆಸರು, ಎರಡು ಬೆರಕೆ: ಅಮಾಲ್ಗಮ್

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಡುವವರು ಸಾಮಾನಿನಲ್ಲಿ ಒಯ್ಯಬಾರದ ವಸ್ತುಗಳ ಪೈಕಿ ಪಾದರಸವೂ ಒಂದು. ಕವಚದೊಳಗಿಟ್ಟ ಒಂದು ಸಣ್ಣ ಜ್ವರಮಾಪಕಕ್ಕೆ ವಿನಾಯಿತಿ ಇದೆ, ಅಷ್ಟೆ. ಪಾದರಸ ವಿಷ ಎಂಬುದೊಂದೇ ಇದಕ್ಕೆ ಕಾರಣವಲ್ಲ. ಹೆಚ್ಚಿನ ವಿಮಾನಗಳ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರ ಮೇಲೆ ಗಾಳಿಯ ಆಮ್ಲಜನಕದಿಂದ ಕಟ್ಟಿದ ತೆಳುಪೊರೆಯೇ ಲೋಹವನ್ನು ಕಾಯುತ್ತದೆ. ಪೊರೆ ಗೀರಿದ ಕಡೆ ಪಾದರಸ ಸೇರಿಕೊಂಡರೆ ಎರಡೂ ಬೆರೆತು, ಮತ್ತೆ ಪೊರೆ ಕಟ್ಟದಂತಾಗುತ್ತದೆ. ಲೋಹ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಈ ಬೆರಕೆಗೆ ರಸಾಯನಶಾಸ್ತ್ರದಲ್ಲಿರುವ ಹೆಸರು ಅಮಾಲ್ಗಮ್.

ಅದೇ ವಿಮಾನ ಹತ್ತುವ ಎಷ್ಟೋ ಮಂದಿಯ ದವಡೆ ಹಲ್ಲಿನಲ್ಲಿಯೂ ಅಮಾಲ್ಗಮ್ ಇರುತ್ತದೆ. 'ಹಲ್ಲಿಗೆ ಸಿಮೆಂಟ್ ಹಾಕಿಸಿದೆ' ಎಂದು ನಾವು ಹೇಳುವ ಆ ಬೂದು ಬಣ್ಣದ ತುಂಬುವಸ್ತುವಿನ ತೂಕದಲ್ಲಿ ಸುಮಾರು ಅರ್ಧ ಭಾಗ ಪಾದರಸವೇ. ಅವರನ್ನು ಮಾತ್ರ ಯಾರೂ ತಡೆಯುವುದಿಲ್ಲ. ಏಕೆ?

ರಸಾಯನಶಾಸ್ತ್ರಜ್ಞನಿಗೆ ಪಾದರಸ ಬೆರೆತ ಯಾವುದೇ ಲೋಹವೂ ಅಮಾಲ್ಗಮ್. ಚಿನ್ನ, ಬೆಳ್ಳಿ, ತವರ, ಸೋಡಿಯಂ ಎಲ್ಲವೂ ಅದರೊಡನೆ ಕೂಡುತ್ತವೆ. ಕಬ್ಬಿಣ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಆದ್ದರಿಂದಲೇ ಪಾದರಸವನ್ನು ಕಬ್ಬಿಣದ ಸೀಸೆಗಳಲ್ಲಿ ಸಾಗಿಸುತ್ತಿದ್ದರು. ದಂತವೈದ್ಯರಿಗಾದರೋ ಅಮಾಲ್ಗಮ್ ಎಂದರೆ ಒಂದೇ ವಸ್ತು. ಬೆಳ್ಳಿ, ತವರ, ತಾಮ್ರ ಸೇರಿದ ಮಿಶ್ರಲೋಹದ ಪುಡಿಗೆ ಪಾದರಸ ಬೆರೆಸಿದಾಗ ಬರುವ ಮುದ್ದೆ ಅದು. ಮೊದಲು ಬೆಣ್ಣೆಯಂತೆ ಒತ್ತಿದ ಕಡೆ ಕೂರುತ್ತದೆ, ಕೆಲವೇ ಗಂಟೆಗಳಲ್ಲಿ ಕಲ್ಲಾಗುತ್ತದೆ. ಪಾದರಸ ಬೆಳ್ಳಿ, ತವರಗಳೊಡನೆ ಘನ ಸಂಯುಕ್ತವಾಗಿ ಬಂಧಿಯಾಗುತ್ತದೆ. ಹಲ್ಲಿನಲ್ಲಿರುವ ಪಾದರಸ ವಿಮಾನಕ್ಕೆ ಅಪಾಯ ತರದಿರುವುದು ಇದರಿಂದಲೇ.

ಆದರೆ ನಮ್ಮ ಸೀಮೆಯಲ್ಲಿ ಅಮಾಲ್ಗಮ್ ಹೆಸರು ಮಾಡಿದ್ದು ಹಲ್ಲಿನಿಂದಲ್ಲ, ಚಿನ್ನದಿಂದ. ಒಂದು ಕಾಲದಲ್ಲಿ ದೇವನಹಳ್ಳಿಯ ಮೂಲಕ ಓಡುತ್ತಿದ್ದ ನ್ಯಾರೋಗೇಜ್ ರೈಲು ಚಿಕ್ಕಬಳ್ಳಾಪುರ, ಕೋಲಾರ ದಾಟಿ ಬಂಗಾರಪೇಟೆ ಮುಟ್ಟುತ್ತಿತ್ತು. ಅಲ್ಲಿಂದ ಕವಲು ಹಾದಿ ಹಿಡಿದರೆ ಕೋಲಾರ ಚಿನ್ನದ ಗಣಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಅಲ್ಲಿಗೆ ಕಾಲಿಟ್ಟ ಕಾಲದಲ್ಲಿ ಅದಿರಿನಿಂದ ಚಿನ್ನ ಬಿಡಿಸಲು ಇದ್ದ ಮುಖ್ಯ ದಾರಿಯೇ ಪಾದರಸ. ಭಾರಿ ಒನಕೆಗಳಂಥ ಯಂತ್ರಗಳು ಬೆಣಚುಕಲ್ಲಿನ ಅದಿರನ್ನು ನೀರು ಸೇರಿಸಿ ಕುಟ್ಟುತ್ತಿದ್ದವು. ಆ ಕೆಸರನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಕಲ್ಲಿನ ಪುಡಿ ಕೊಚ್ಚಿಹೋಗುತ್ತಿತ್ತು, ಚಿನ್ನದ ಕಣ ಮಾತ್ರ ಪಾದರಸಕ್ಕೆ ಅಂಟುತ್ತಿತ್ತು. ಹೀಗೆ ಕೂಡಿದ ಅಮಾಲ್ಗಮ್ಮನ್ನು ಕೆರೆದು, ತೆಗೆದು, ಹಿಂಡಿ, ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸುತ್ತಿದ್ದರು. ಪಾದರಸ ಕುದಿಯುವುದು ಸುಮಾರು 357 ಡಿಗ್ರಿ ಸೆಲ್ಸಿಯಸ್‌ಗೆ. ಅದು ಆವಿಯಾಗಿ ಕೊಳವೆಯಲ್ಲಿ ಹಾದು, ತಣಿದು, ಮತ್ತೆ ಕೆಲಸಕ್ಕೆ ಒದಗುತ್ತಿತ್ತು. ಪಾತ್ರೆಯಲ್ಲಿ ಉಳಿಯುತ್ತಿದ್ದುದು ಸ್ಪಂಜಿನಂಥ ಚಿನ್ನ.

ವ್ಯತ್ಯಾಸ ಇಲ್ಲೇ ಇದೆ. ದಂತವೈದ್ಯರ ಅಮಾಲ್ಗಮ್ ಎಂದೂ ಬಿಡದಿರಲೆಂದು ಮಾಡಿದ್ದು. ಗಣಿಯ ಅಮಾಲ್ಗಮ್ ಮರುದಿನವೇ ಬಿಡಿಸಲೆಂದು ಮಾಡಿದ್ದು. ಬಿಡಿಸುವಾಗಲೇ ಅಪಾಯ ಹೆಚ್ಚು, ಏಕೆಂದರೆ ಪಾದರಸ ಮುಟ್ಟಿದವನಿಗಿಂತ ಅದರ ಆವಿ ಕುಡಿದವನಿಗೆ ಆಪತ್ತು ದೊಡ್ಡದು. ತಗಡುಗಳಿಗೆ ಸಿಕ್ಕದೆ ಕೆಸರಿನಲ್ಲಿ ಉಳಿದುಹೋಗುತ್ತಿದ್ದ ಚಿನ್ನವನ್ನು ಮುಂದೆ ಸೈನೈಡ್ ದ್ರಾವಣದಿಂದ ತೆಗೆದರು. ಗಣಿ 2001ರಲ್ಲಿ ಮುಚ್ಚಿತಾದರೂ ಆ ಬೂದಿಬಣ್ಣದ ಸೈನೈಡ್ ದಿಬ್ಬಗಳು ಇಂದಿಗೂ ನಿಂತಿವೆ.

ಇನ್ನು ಪದದ ಮೂಲ. ಮಧ್ಯಯುಗದ ಲ್ಯಾಟಿನ್ನಿನ 'ಅಮಾಲ್ಗಮ' ಅರಬ್ಬಿಯ ಮೂಲಕ ಗ್ರೀಕಿನ 'ಮಾಲಗ್ಮ'ದಿಂದ ಬಂದಿರಬೇಕೆಂಬುದು ವಿದ್ವಾಂಸರ ಊಹೆ. ಮಾಲಗ್ಮ ಎಂದರೆ ಮೆತ್ತಗೆ ಮಾಡುವ ಲೇಪ, ಗಾಯಕ್ಕೆ ಕಟ್ಟುವ ಪಟ್ಟು. ಅರಬ್ಬಿಯ 'ಮರ್ಹಮ್', ಅದರ ರೂಪಾಂತರ 'ಮಲ್ಹಮ್' ಕೂಡ ಅದೇ ಬೇರಿನವು ಎನ್ನುತ್ತಾರೆ. ಹಾಗಾದರೆ ನಮ್ಮ ಮುಲಾಮು ಅಮಾಲ್ಗಮ್ಮಿನ ದಾಯಾದಿಯೇ ಆಯಿತು! ಕನ್ನಡದಲ್ಲಿ ಗಾಯಕ್ಕೆ ಹಚ್ಚುವುದೂ ಮುಲಾಮು, ತಾಮ್ರದ ಕಳಶಕ್ಕೆ ಕೊಡುವ ಚಿನ್ನದ ಲೇಪವೂ ಮುಲಾಮು. ಈ ಎರಡನೆಯದು ಹೊಳಪು ಎಂಬ ಅರ್ಥದ ಬೇರೆ ಅರಬ್ಬಿ ಪದದಿಂದ ಬಂದದ್ದು. ನಮ್ಮ ಬಾಯಲ್ಲಿ ಎರಡೂ ಕರಗಿ ಒಂದಾಗಿವೆ. ತಮಾಷೆಯೆಂದರೆ, ವಿದ್ಯುತ್ ಲೇಪನ ಬರುವ ಮೊದಲು ಚಿನ್ನದ ಮುಲಾಮು ಕೊಡುತ್ತಿದ್ದುದೂ ಅಮಾಲ್ಗಮ್ಮಿನಿಂದಲೇ. ಚಿನ್ನವನ್ನು ಪಾದರಸದಲ್ಲಿ ಅರೆದು, ಪಾತ್ರೆಗೆ ಬಳಿದು, ಕೆಂಡದ ಮೇಲೆ ಹಿಡಿಯುತ್ತಿದ್ದರು. ಪಾದರಸ ಹೊಗೆಯಾಗಿ ಹೋಗುತ್ತಿತ್ತು. ಎಲ್ಲಿಗೆ? ಬಹುಪಾಲು ಆ ಕುಶಲಕರ್ಮಿಯ ಶ್ವಾಸಕೋಶಕ್ಕೆ. ಕೈ ನಡುಕ ಇಂಥ ಕಸುಬಿನವರ ಹಳೆಯ ಕಾಯಿಲೆ.

ಹಲ್ಲಿಗೆ ಪಾದರಸ ತುಂಬುವುದು ಪಶ್ಚಿಮದ ಆವಿಷ್ಕಾರವೇನಲ್ಲ. ಚೀನಾದಲ್ಲಿ ಕ್ರಿ.ಶ. 659ರ ವೈದ್ಯಗ್ರಂಥದಲ್ಲೇ ಬೆಳ್ಳಿಯ ಮುದ್ದೆಯ ಪ್ರಸ್ತಾಪವಿದೆ. ಅಮೆರಿಕಕ್ಕೆ 1833ರಲ್ಲಿ ಅದನ್ನು ತಂದ ಕ್ರಾಕರ್ ಸಹೋದರರು ಅಗ್ಗದ ಪ್ರಚಾರ ಮಾಡಿ, ಕೊಳೆತ ಹಲ್ಲನ್ನು ಸರಿಯಾಗಿ ಶುಚಿ ಮಾಡದೆಯೇ ತುಂಬಿ, ಹೆಸರು ಕೆಡಿಸಿದರು. 1840ರಲ್ಲಿ ಹುಟ್ಟಿದ ಅಲ್ಲಿನ ದಂತವೈದ್ಯರ ಸಂಘ, ಅಮಾಲ್ಗಮ್ ಬಳಸುವುದಿಲ್ಲವೆಂದು ಸದಸ್ಯರಿಂದ ಮುಚ್ಚಳಿಕೆ ಬರೆಸಿಕೊಂಡಿತು. ಜಗಳ ಹೆಚ್ಚಿ, 1856ರಲ್ಲಿ ಸಂಘವೇ ಮುರಿದುಬಿತ್ತು. ಅಮಾಲ್ಗಮ್ ಉಳಿಯಿತು. 1895ರಲ್ಲಿ ಜಿ.ವಿ. ಬ್ಲ್ಯಾಕ್ ಅದರ ಪಾಕವನ್ನು ಹದಕ್ಕೆ ತಂದ ಮೇಲಂತೂ ಜಗತ್ತೆಲ್ಲ ಹಬ್ಬಿತು.

ತುಂಬಿದ ಹಲ್ಲಿನಿಂದ ತೀರ ಅಲ್ಪ ಪ್ರಮಾಣದ ಆವಿ ಹೊರಡುವುದು ನಿಜ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 6 ವರ್ಷದೊಳಗಿನ ಮಕ್ಕಳು, ನರ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರಿಗೆ ಸಾಧ್ಯವಾದಷ್ಟೂ ಬೇರೆ ವಸ್ತು ಬಳಸಿ ಎಂದಿತು. ಆದರೆ ಚೆನ್ನಾಗಿರುವ ಹಳೆಯ ತುಂಬುವಿಕೆಯನ್ನು ಅಗತ್ಯವಿಲ್ಲದೆ ಕೀಳಿಸಬೇಡಿ ಎಂದೂ ಹೇಳಿತು. ಹೆದರಿ ಕೀಳಿಸಲು ಹೊರಡುವವರು ಇದನ್ನು ಗಮನಿಸಬೇಕು: ಕೊರೆಯುವ ಹೊತ್ತಿನಲ್ಲೇ ಆವಿ ಹೆಚ್ಚು.

ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ, ವೈದ್ಯಕೀಯವಾಗಿ ತೀರ ಅನಿವಾರ್ಯವಾದ ಸಂದರ್ಭಗಳನ್ನುಳಿದು, ಹಲ್ಲಿನ ಅಮಾಲ್ಗಮ್ಮನ್ನು ನಿಷೇಧಿಸಿದೆ. ಅಲ್ಲಿನ ಆತಂಕ ಬಾಯಿಯದಷ್ಟೇ ಅಲ್ಲ, ನೀರು ಮತ್ತು ಗಾಳಿಯದು ಕೂಡ. ಚಿತಾಗಾರದ ಬೆಂಕಿಯಲ್ಲಿ ಹಲ್ಲಿನ ಅಮಾಲ್ಗಮ್ ಕೋಲಾರದ ಕಬ್ಬಿಣದ ಪಾತ್ರೆಯಲ್ಲಿ ಬಿಡುತ್ತಿದ್ದಂತೆಯೇ ಬಿಡುತ್ತದೆ. ಅದಕ್ಕಾಗಿ ಬ್ರಿಟನ್ನಿನಲ್ಲಿ ಚಿತಾಗಾರಗಳ ಹೊಗೆಯಿಂದ ಪಾದರಸ ಸೋಸುವ ಯಂತ್ರಗಳನ್ನು ಅಳವಡಿಸಿದ್ದಾರೆ.