ಪೇರಿಸಿದ ಮರದ ಗಾತ್ರ: ಡಿಜಿಟಲ್ ಅಳತೆ ಹೇಗೆ?

ವಿಜಯಪುರ ಜಿಲ್ಲೆಯ ಭೂಭಾಗದಲ್ಲಿ ಅರಣ್ಯದ ಪಾಲು ಶೇ. 1ಕ್ಕಿಂತಲೂ ಕಡಿಮೆ. ಇಲ್ಲಿ ಸ್ಥಳೀಯ ಮರವೆಂದರೆ ಬಹುಮಟ್ಟಿಗೆ ಹೊಲದ ಒಡ್ಡಿನ ಬೇವು, ಕರಿಜಾಲಿ. ಆದರೆ ಬದುಕುಳಿದ ಸಸಿಗೆ ರೈತನಿಗೆ ಪ್ರೋತ್ಸಾಹಧನ ನೀಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಬಂದಿತು. 2016ರಲ್ಲಿ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. ಏತ ನೀರಾವರಿಯ ನೀರು ಕಂಡ ತಿಕೋಟಾ, ಬಬಲೇಶ್ವರ ಸೀಮೆಯ ರೈತರಿಗೂ ತೇಗ, ಹೆಬ್ಬೇವು ಈಗ ಅಪರಿಚಿತವಲ್ಲ. ನೆಟ್ಟ ಮರ ಕಟಾವಿಗೆ ಬಂದಾಗ ಏಳುವ ಪ್ರಶ್ನೆ ಒಂದೇ: ಅಳೆಯುವವರು ಯಾರು, ಯಾವ ಲೆಕ್ಕದಲ್ಲಿ?

ಭಾರತದ ಮರದ ವ್ಯಾಪಾರದಲ್ಲಿ ಬಳಕೆಯಲ್ಲಿರುವ ಹಳೆಯ ಸೂತ್ರ ಬ್ರಿಟಿಷರ ಕಾಲದ್ದು. ಎಡ್ವರ್ಡ್ ಹಾಪಸ್ ಎಂಬಾತ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಅದು ಪ್ರಸಿದ್ಧವಾಯಿತು. ದಿಮ್ಮಿಯ ನಡುವಿನ ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು ಇದರ ಕ್ರಮ. 120 ಸೆಂ.ಮೀ. ಸುತ್ತಳತೆಯ, 3 ಮೀಟರ್ ಉದ್ದದ ದಿಮ್ಮಿಗೆ ಈ ಸೂತ್ರ 0.27 ಘನ ಮೀಟರ್ ಎನ್ನುತ್ತದೆ. ನಿಜವಾದ ಗಾತ್ರ ಸುಮಾರು 0.344. ಅಂದರೆ ಶೇ. 21.5ರಷ್ಟು ಮರ ಲೆಕ್ಕಕ್ಕೇ ಬರುವುದಿಲ್ಲ. ದಿಮ್ಮಿಯನ್ನು ಚೌಕವಾಗಿ ಕೊಯ್ಯುವಾಗ ಆಗುವ ನಷ್ಟಕ್ಕೆ ಬಿಟ್ಟ ಪಾಲು ಇದೆಂದು ಸಮರ್ಥನೆಯುಂಟು. ದರವೂ ಅದೇ ಸೂತ್ರಕ್ಕೆ ನಿಗದಿಯಾಗಿದ್ದರೆ ತಕರಾರಿಲ್ಲ. ದರ ನಿಜವಾದ ಘನ ಮೀಟರಿಗೆ, ಅಳತೆ ಹಾಪಸ್ ಸೂತ್ರಕ್ಕೆ ಆದಾಗ ಬೆಳೆಗಾರ ನೇರವಾಗಿ ಸೋಲುತ್ತಾನೆ.

ರಾಶಿಯ ಲೆಕ್ಕ ಇನ್ನೂ ಜಟಿಲ. 4 ಮೀಟರ್ ಅಗಲ, 1.5 ಮೀಟರ್ ಎತ್ತರಕ್ಕೆ ಪೇರಿಸಿದ 2 ಮೀಟರ್ ಉದ್ದದ ತುಂಡುಗಳ ರಾಶಿಯ ಹೊರ ಅಳತೆ 12 ಘನ ಮೀಟರ್. ತುಂಡುಗಳ ನಡುವಿನ ಗಾಳಿಯೂ ಅದರಲ್ಲಿ ಸೇರಿದೆ. ನೆಟ್ಟಗಿನ ಮರವಾದರೆ ಗಟ್ಟಿ ಮರ ಶೇ. 65ರ ಆಸುಪಾಸು, ಅಂದರೆ 7.8 ಘನ ಮೀಟರ್. ಜಾಲಿಯಂಥ ಸೊಟ್ಟ ಕೊಂಬೆಗಳಾದರೆ ಅರ್ಧಕ್ಕೂ ಇಳಿದೀತು. ತುಂಡುಗಳನ್ನು ನೀರಿನಲ್ಲಿ ಮುಳುಗಿಸಿ, ಸ್ಥಾನಾಂತರಗೊಂಡ ನೀರನ್ನು ಅಳೆಯುವ ನಿಖರ ವಿಧಾನ ಪಠ್ಯಪುಸ್ತಕಗಳಲ್ಲಿದೆ. ಕಟ್ಟಿಗೆ ಅಡ್ಡೆಯಲ್ಲಿ ಅದಕ್ಕೆ ವ್ಯವಧಾನವೆಲ್ಲಿ? ತೂಕದ ಮಾರಾಟ ಸುಲಭವೆನಿಸಿದರೂ ಹಸಿ ಮರ ಒಣಗಿದಂತೆಲ್ಲ ತೂಕ ಕಳೆದುಕೊಳ್ಳುತ್ತದೆ. ಕಡಿದ ಮರವನ್ನು ಹೊಲದಲ್ಲೇ ಕಾಯಿಸುವ ಖರೀದಿದಾರನಿಗೆ ಇದು ಲಾಭ.

ಕ್ಯಾಮೆರಾ ಎಣಿಸುವ ಬಗೆ

ಡಿಜಿಟಲ್ ವ್ಯವಸ್ಥೆ ಕೈಹಾಕುವುದು ಇಲ್ಲಿಯೇ. 2013ರಲ್ಲಿ ಎಸ್ಟೋನಿಯಾದಲ್ಲಿ ಆರಂಭವಾದ ಟಿಂಬೀಟರ್ ಮೊಬೈಲ್ ತಂತ್ರಾಂಶ ಇದಕ್ಕೊಂದು ಉದಾಹರಣೆ. ಅಳತೆ ಗೊತ್ತಿರುವ ಕೋಲೊಂದನ್ನು ರಾಶಿಗೆ ಒರಗಿಸಿ, ತುಂಡುಗಳ ತುದಿಗಳು ಕಾಣುವಂತೆ ಚಿತ್ರ ತೆಗೆಯಲಾಗುತ್ತದೆ. ತಂತ್ರಾಂಶವು ಪ್ರತಿ ತುದಿಯ ವೃತ್ತವನ್ನು ಗುರುತಿಸಿ, ಕೋಲಿನ ಆಧಾರದಿಂದ ವ್ಯಾಸ ಲೆಕ್ಕ ಹಾಕುತ್ತದೆ. ಬಳಕೆದಾರ ಉದ್ದ ನಮೂದಿಸಿದರೆ ಗಟ್ಟಿ ಗಾತ್ರ ದೊರೆಯುತ್ತದೆ. ಡೆನ್ಮಾರ್ಕಿನ ಡ್ರಾಲೆ ಸಂಸ್ಥೆಯದು ವಾಹನದ ಮೇಲಿನ ಜೋಡಿ ಕ್ಯಾಮೆರಾಗಳ ವ್ಯವಸ್ಥೆ. ಚಿಲಿಯ ಲಾಗ್‌ಮೀಟರ್ ಲಾರಿ ಸಾಗುತ್ತಿರುವಂತೆಯೇ ಲೇಸರ್ ಕಿರಣಗಳಿಂದ ಹೊರೆಯನ್ನು ಅಳೆಯುತ್ತದೆ.

ಕ್ಯಾಮೆರಾಕ್ಕೆ ಕಾಣುವುದು ಮುಂಭಾಗ ಮಾತ್ರ. ಮರ ತುದಿಯತ್ತ ಸಣ್ಣದಾಗುವುದರಿಂದ ಎರಡೂ ಬದಿಯ ಚಿತ್ರಗಳ ಸರಾಸರಿ ಬೇಕು. ಉದ್ದ ಏಕರೂಪವಿರಬೇಕು, ತೊಗಟೆ ಸೇರಿದೆಯೇ ಇಲ್ಲವೇ ಎಂಬುದು ನಿಶ್ಚಯವಾಗಬೇಕು. ಒಡ್ಡಿನ ಜಾಲಿಯ ಸೊಟ್ಟ ರಾಶಿಗೆ ಈ ವಿಧಾನ ಅಷ್ಟಾಗಿ ಒಗ್ಗದು; ಹೆಬ್ಬೇವು, ನೀಲಗಿರಿಯಂಥ ನೇರ ಮರಕ್ಕೆ ಒಗ್ಗೀತು.

ಯಂತ್ರಕ್ಕಿಂತ ಅದನ್ನು ಹಿಡಿದವರು ಯಾರೆಂಬುದೇ ಮುಖ್ಯ. ಸ್ವೀಡನ್ನಿನಲ್ಲಿ ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಬಯೋಮೆಟ್ರಿಯಾ ಎಂಬ ಸ್ವತಂತ್ರ ಸಂಸ್ಥೆ ಮರ ಅಳೆಯುತ್ತದೆ. ನಮ್ಮಲ್ಲಿ ಕೇಂದ್ರ ಪರಿಸರ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಸಾಗಣೆ ಪರವಾನಗಿ ವ್ಯವಸ್ಥೆಯನ್ನು ದೇಶದಾದ್ಯಂತ ಜಾರಿಗೆ ತಂದು ಪರವಾನಗಿಯನ್ನು ಆನ್‌ಲೈನ್ ಮಾಡಿತು. ಆದರೆ ಮರದ ಗಾತ್ರವನ್ನು ಮೊದಲು ಯಾರಾದರೂ ಅಳೆಯಲೇಬೇಕು. ವ್ಯವಹಾರದ ತೂಕ, ಅಳತೆ ಸಾಧನಗಳಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಡಿ ಪರಿಶೀಲನೆ, ಮುದ್ರೆ ಅಗತ್ಯ. ಹೀಗಾಗಿ ಮೊಬೈಲ್ ಚಿತ್ರವನ್ನು ಬೆಲೆ ಮಾತನಾಡುವ ಮುನ್ನಿನ ಅಂದಾಜಿಗೆ ಬಳಸುವುದೇ ಸದ್ಯ ಕ್ಷೇಮ. ಲಾರಿಗೆ ಹೇರುವ ಮುನ್ನ, ಇಬ್ಬರೂ ಎದುರಿಗಿರುವಾಗ ಚಿತ್ರ ತೆಗೆದು, ದರ ಹಾಪಸ್ ಲೆಕ್ಕಕ್ಕೋ, ಗಟ್ಟಿ ಗಾತ್ರಕ್ಕೋ, ರಾಶಿಯ ಅಳತೆಗೋ ಎಂಬುದನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಬೇಕು.