ಖಾಲಿ ಜಾಗದ ಕತೆ

ನಮ್ಮ ಮಾಗಳ ಇರೋದು ತುಂಗಭದ್ರೆಯ ದಂಡೆ ಮೇಲೆ. ಹೈಸ್ಕೂಲಲ್ಲಿದ್ದಾಗ ಮಾಸ್ತರು ನಮ್ಮನ್ನ ಹರಪನಹಳ್ಳಿ ಕಡೆಯ ಬಾಗಳಿಗೆ ಕರ್ಕೊಂಡು ಹೋಗಿದ್ರು, ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ ನೋಡೋಕೆ. ಅಲ್ಲಿನ ಶಾಸನಗಳಲ್ಲಿ ಸಾಲು ತುಂಬಾ ಅಕ್ಷರ, ನಡುವೆ ಎಲ್ಲೂ ಬಿಡುವಿಲ್ಲ. "ಸರ, ಒಂದು ಪದ ಎಲ್ಲಿ ಮುಗೀತು ಅಂತ ಹೆಂಗ ಗೊತ್ತಾಗ್ತದ್ರೀ?" ಅಂದೆ. "ಬಾಯಿಬಿಟ್ಟು ಓದಪಾ, ಕಿವಿಗೆ ತಿಳೀತೈತಿ" ಅಂದ್ರು.

ಐದನೇ ಶತಮಾನದ ಹಲ್ಮಿಡಿ ಶಾಸನದಿಂದ ತಾಳೆಗರಿಗಳವರೆಗೂ ಕನ್ನಡ ಹೆಚ್ಚುಕಮ್ಮಿ ಹೀಗೇ ಇತ್ತು. ಪದಗಳ ನಡುವೆ ಜಾಗ ಬಿಡೋ ರೂಢಿ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ, ಅಚ್ಚಿನ ಮೊಳೆ ಬಂದ ಮೇಲೆ. ಯುರೋಪಿನಲ್ಲೂ ಲ್ಯಾಟಿನ್ ಅನ್ನು ಹಿಂಗೇ ಕೂಡಿಸಿ ಬರೀತಿದ್ರು. 7-8ನೇ ಶತಮಾನದಲ್ಲಿ ಐರ್ಲೆಂಡಿನ ಸನ್ಯಾಸಿಗಳು ಅದನ್ನ ಬಿಡಿಸಿ ಬರೆಯೋಕೆ ಶುರು ಮಾಡಿದ್ರು. ಲ್ಯಾಟಿನ್ ಅವರ ಮನೆಮಾತಲ್ಲ. ಭಾಷೆ ಬಲ್ಲವನಿಗೆ ಖಾಲಿ ಜಾಗ ಬೇಕಿಲ್ಲ, ಬಾರದವನಿಗೆ ಬೇಕು. ಕಂಪ್ಯೂಟರ್ ಎರಡನೇ ಗುಂಪಿಗೆ ಸೇರಿದ್ದು.

ನಾನು ಅನ್ನ ತಿನ್ನೋದು ಸ್ಯಾಸ್ ಪ್ರೋಗ್ರಾಮಿಂಗ್‌ನಿಂದ. ಅದು ಹುಟ್ಟಿದ್ದು 1966ರ ಹೊತ್ತಿಗೆ, ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ, ಬೆಳೆಗಳ ಅಂಕಿಅಂಶ ಲೆಕ್ಕ ಹಾಕೋಕೆ. (ಒಕ್ಕಲುತನ ಬಿಟ್ಟು ಬಂದವನಿಗೆ ಇದು ಗೊತ್ತಾದಾಗ ನಗು ಬಂತು.) 1976ರಲ್ಲಿ ಅದು ಕಂಪನಿಯಾಯ್ತು. ಆಗ ಅದು ಓಡ್ತಿದ್ದದ್ದು ಐಬಿಎಂ ಮೇನ್‌ಫ್ರೇಮ್ ಮೇಲೆ. ಅಲ್ಲಿ ಫೈಲಿನ ಹೆಸರಿನ ಒಂದೊಂದು ತುಂಡೂ ಹೆಚ್ಚೆಂದ್ರೆ 8 ಅಕ್ಷರ, ನಡುವೆ ಚುಕ್ಕಿ. ಕಮಾಂಡಿನ ಸಾಲಲ್ಲಿ ಖಾಲಿ ಜಾಗ ಬಂತೋ, ಅಲ್ಲಿಗೆ ಮಾತು ಮುಗೀತು; ಮುಂದಿದ್ದದ್ದೆಲ್ಲ ಬರೀ ಟಿಪ್ಪಣಿ. ಹೆಸರಿನೊಳಗೇ ಖಾಲಿ ಜಾಗ ಇರಬಹುದು ಅನ್ನೋ ಯೋಚನೆಗೆ ಅಲ್ಲಿ ಎಡೆಯೇ ಇರಲಿಲ್ಲ.

1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂತು. ಫೈಲಿನ ಹೆಸರು 255 ಅಕ್ಷರದವರೆಗೆ ಇರಬಹುದು, ನಡುವೆ ಜಾಗವೂ ಬಿಡಬಹುದು. ಮೈಕ್ರೋಸಾಫ್ಟ್‌ನವರ ಸ್ವಂತ ಫೋಲ್ಡರೇ 'ಪ್ರೋಗ್ರಾಂ ಫೈಲ್ಸ್'. ನೋಡೋಕೆ ಚೆಂದ. ಆದ್ರೆ ಒಳಗಿನ ಕಮಾಂಡ್ ಸಾಲಿಗೆ ಖಾಲಿ ಜಾಗ ಅಂದ್ರೆ ಇವತ್ತಿಗೂ 'ಒಂದು ಹೆಸರು ಮುಗೀತು, ಇನ್ನೊಂದು ಶುರು' ಅಂತಲೇ ಅರ್ಥ.

ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. 'ರಿಪೋರ್ಟ್ಸ್ ಓಲ್ಡ್' ಅನ್ನೋ ಫೋಲ್ಡರಿನಲ್ಲಿದ್ದ ಹಳೇ ಫೈಲು ಅಳಿಸೋಕೆ ಸ್ಯಾಸ್‌ನ ಎಕ್ಸ್ ಕಮಾಂಡ್ ಬರೆದೆ, ಕೋಟ್ ಮಾರ್ಕ್ ಹಾಕಿಯೇ ಬರೆದೆ. ಆ ಕೋಟ್ ಸ್ಯಾಸ್‌ಗೆ ಸೇರಿದ್ದು. ಅದು ತನ್ನ ಕೋಟ್ ಬಿಚ್ಚಿಟ್ಕೊಂಡು, ಒಳಗಿನ ಮಾತನ್ನ ಮಾತ್ರ ವಿಂಡೋಸ್‌ಗೆ ದಾಟಿಸ್ತು. ವಿಂಡೋಸ್ ಎರಡು ಹೆಸರು ಓದ್ಕೊಂಡು ಮೊದಲನೇದಾದ 'ರಿಪೋರ್ಟ್ಸ್' ಫೋಲ್ಡರಿನ ಫೈಲೆಲ್ಲ ಅಳಿಸಿತು. ಪಕ್ಕದಲ್ಲೇ ಇದ್ದ, ಚಾಲ್ತಿಯ ಫೋಲ್ಡರ್ ಅದು! 'ಕೇಳಬೇಡ' ಅನ್ನೋ ಆಪ್ಷನ್ನೂ ನಾನೇ ಕೊಟ್ಟಿದ್ದೆ. ಎರಡನೇ ಹೆಸರಿನದು ಸಿಗಲಿಲ್ಲ ಅಂತ ಅದು ಗೊಣಗಿರಬೇಕು, ಆದ್ರೆ ಆ ಕಪ್ಪು ಕಿಟಕಿ ಕಣ್ಣು ಮಿಟುಕಿಸೋದ್ರೊಳಗೆ ಮುಚ್ಚಿಹೋಯ್ತು. ಸ್ಯಾಸ್‌ನ ಲಾಗ್‌ನಲ್ಲಿ ಒಂದು ಕೆಂಪು ಸಾಲೂ ಇಲ್ಲ.

ಬ್ಯಾಕಪ್‌ನಿಂದ ಮುಕ್ಕಾಲು ಪಾಲು ವಾಪಸ್ ಬಂತು. ಉಳಿದದ್ದನ್ನ ಟೀಮಿನ ಅಕ್ಕ ಒಬ್ರು ನನ್ನ ಜೊತೆ ಎರಡು ರಾತ್ರಿ ಕೂತು ಮತ್ತೆ ತಯಾರಿಸಿದ್ರು. ಬೈಯಲಿಲ್ಲ. "ಇಬ್ಬರು ಓದೋರಿದಾರೆ, ಇಬ್ಬರಿಗೂ ಒಂದೊಂದು ಜೊತೆ ಕೋಟ್ ಕೊಡಬೇಕಪ್ಪ" ಅಂದ್ರು. ಹೊರಗೆ ಸಿಂಗಲ್, ಒಳಗೆ ಪಾಥ್‌ನ ಸುತ್ತ ಡಬಲ್. ಪಾಥ್ ಮ್ಯಾಕ್ರೋ ವೇರಿಯಬಲ್‌ನಲ್ಲಿದ್ರೆ ಹೊರಗಿನದೂ ಡಬಲ್ ಆಗಬೇಕು, ಆಗ ಒಳಗಿನ ಒಂದೊಂದು ಡಬಲ್ಲನ್ನೂ ಎರಡೆರಡು ಸಲ ಬರೀಬೇಕು. ಇಲ್ಲಿ ಎಡವದವರನ್ನ ನಾನಿನ್ನೂ ನೋಡಿಲ್ಲ.

ಈಗ ಅಳಿಸೋ ಕೆಲಸಕ್ಕೆ ಎಕ್ಸ್ ಕಮಾಂಡ್ ಮುಟ್ಟೋದೇ ಇಲ್ಲ. ಸ್ಯಾಸ್‌ನದೇ ಎಫ್‌ಡಿಲೀಟ್ ಫಂಕ್ಷನ್ ಇದೆ. ಒಂದು ಸಲಕ್ಕೆ ಒಂದೇ ಫೈಲು, ನಿಧಾನ, ಆದ್ರೆ ಮಾತು ಕಮಾಂಡ್ ಸಾಲಿನ ತನಕ ಹೋಗೋದಿಲ್ಲ.