ಶಿವಮೊಗ್ಗ–ಭದ್ರಾವತಿ ವಾಯುಗುಣಮಟ್ಟ: ಋತುಮಾನದ ಏರಿಳಿತ

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ಸುಮಾರು 20 ಕಿ.ಮೀ. ಅಂತರ. ಈ ದಾರಿಯಲ್ಲೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಮಲೆನಾಡಿನ ಕಟ್ಟಿಗೆಯನ್ನು ಇದ್ದಿಲಾಗಿಸಿ ಅಲ್ಲಿನ ಊದುಕುಲುಮೆಗೆ ಬಳಸುತ್ತಿದ್ದರು. ಅಲ್ಲೇ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಊರಿನ ಗಾಳಿಗೆ ಹೊಗೆ, ವಾಸನೆ ಬೆರೆಸಿದ್ದು ಕಾರ್ಖಾನೆಗಳಾದರೂ ಅದು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಹವಾಮಾನವೇ ತೀರ್ಮಾನಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಮಳೆ ಗಾಳಿಯಲ್ಲಿನ ಧೂಳನ್ನು ತೊಳೆಯುತ್ತದೆ, ರಸ್ತೆಯ ಧೂಳು ಮೇಲೇಳದಂತೆ ನೆನೆಸಿಡುತ್ತದೆ. ದಪ್ಪ ಕಣಗಳಷ್ಟು ಸುಲಭವಾಗಿ ಅತಿಸೂಕ್ಷ್ಮ ಕಣಗಳು ಮಳೆಗೆ ಸಿಗುವುದಿಲ್ಲ. ಹಾಗಾಗಿ ಮಳೆಗಾಲದಲ್ಲೂ ವಾಹನ ಕಿಕ್ಕಿರಿದ ವೃತ್ತಗಳ ಗಾಳಿ ಪೂರ್ತಿ ಶುದ್ಧವೆನ್ನಲಾಗದು.

ಚಳಿಗಾಲದ ಲೆಕ್ಕ ಹೆಚ್ಚು ಜಟಿಲ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ; ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಉಳಿದು ಮುಚ್ಚಳದಂತಾಗುತ್ತದೆ. ಎತ್ತರದ ಚಿಮಣಿಯ ಹೊಗೆ ಕೆಲವೊಮ್ಮೆ ಈ ಪದರದ ಮೇಲೆ ಸಾಗಿದರೆ ಕಸಕ್ಕೆ ಹಚ್ಚಿದ ಬೆಂಕಿ, ಸೌದೆ ಒಲೆ, ರಸ್ತೆ ಬದಿಯಲ್ಲಿ ಸುರಿದು ಸುಡುವ ಅಡಿಕೆ ಸಿಪ್ಪೆಯ ಹೊಗೆ ಅದರಡಿ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿ ಪದರ ಒಡೆಯುವಾಗ ಮೇಲಿದ್ದ ಹೊಗೆಯೂ ಕೆಲಹೊತ್ತು ನೆಲಕ್ಕಿಳಿಯಬಹುದು. ಮುಂಜಾನೆ ಕಂಡದ್ದೆಲ್ಲ ಮಂಜಲ್ಲ. ದೊಡ್ಡ ಚಿಮಣಿಯೊಂದನ್ನೇ ದೂರುವವರು ಅಡಿಕೆ ಸಿಪ್ಪೆಯ ರಾಶಿಯನ್ನು ಮರೆಯುತ್ತಾರೆ.

ಮಾರ್ಚ್‌ನಿಂದ ಮೇವರೆಗೆ ಬಿಸಿಗಾಳಿ ಮೇಲೇರಿ ಹೊಗೆ ಚದುರುತ್ತದೆ; ಆದರೆ ಒಣ ನೆಲ ಹಾಗೂ ಲಾರಿ ಸಂಚಾರದಿಂದ ಧೂಳು ಹೆಚ್ಚುತ್ತದೆ.

2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಘನಮೀಟರ್ ಗಾಳಿಯಲ್ಲಿ ಪಿಎಂ10 ಎಂಬ ತೇಲುಕಣಗಳ ಮಿತಿ 24 ಗಂಟೆಗೆ 100, ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ, ಇನ್ನೂ ಸೂಕ್ಷ್ಮವಾದ ಪಿಎಂ2.5 ಕಣಗಳಿಗೆ ಕ್ರಮವಾಗಿ 60 ಮತ್ತು 40. ವಾರ್ಷಿಕ ಸರಾಸರಿಗೆ ವಾರಕ್ಕೆರಡರಂತೆ ಕನಿಷ್ಠ 104 ಮಾಪನಗಳು ಬೇಕು. ಮಳೆಗಾಲದ ಅಂಕಿಗಳು ಸೇರಿದಾಗ ಜನವರಿಯ ಕೆಟ್ಟ ದಿನಗಳು ಸರಾಸರಿಯಲ್ಲಿ ಕಾಣದಾಗುವುದರಿಂದ ತಿಂಗಳವಾರು ಓದು ಅಗತ್ಯ. ಕಾಗದ ಕಾರ್ಖಾನೆ ನಿಂತು, ಕಬ್ಬಿಣ-ಉಕ್ಕಿನ ಕಾರ್ಖಾನೆಯ ಕೆಲಸ ಕುಗ್ಗಿರುವುದರಿಂದ ಹಿಂದಿನ ಅಂಕಿಗಳನ್ನು ಇಂದಿನವುಗಳೊಡನೆ ನೇರವಾಗಿ ಹೋಲಿಸುವುದೂ ಸರಿಯಲ್ಲ.